ಕಾಫಿ ತೋಟದ ಕೀಟ ನಿಯಂತ್ರಣ: ವಾರ್ಷಿಕ ವೆಚ್ಚವೋ, ಕಾಯ್ದುಕೊಳ್ಳಬೇಕಾದ ಬಂಡವಾಳವೋ?

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಭಾಗದ ಕಾಫಿ ತೋಟಗಳ ಲೆಕ್ಕಪುಸ್ತಕಗಳಲ್ಲಿ ‘ಔಷಧಿ ಮತ್ತು ಸಿಂಪಡಣೆ’ ಎಂಬ ಒಂದು ಶೀರ್ಷಿಕೆ ತಪ್ಪದೆ ಇರುತ್ತದೆ. ಗೊಬ್ಬರ, ಡೀಸೆಲ್, ಕೂಲಿ ಇವುಗಳ ಸಾಲಿನಲ್ಲೇ ಇದನ್ನೂ ಬರೆದು, ಮಾರ್ಚ್ ಅಂತ್ಯದಲ್ಲಿ ಲಾಭ-ನಷ್ಟದ ಖಾತೆಗೆ ವರ್ಗಾಯಿಸಿ, ಮರುವರ್ಷ ಮತ್ತೆ ಸೊನ್ನೆಯಿಂದ ಆರಂಭಿಸುವುದು ರೂಢಿ. ತೆರಿಗೆಯ ದೃಷ್ಟಿಯಿಂದ ಈ ಪದ್ಧತಿಯಲ್ಲಿ ದೋಷವಿಲ್ಲ. ಆದರೆ ತೋಟದ ಮಾಲೀಕನ ಆಲೋಚನೆಯೂ ಇದೇ ಜಾಡಿನಲ್ಲಿ ಸಾಗಿದರೆ ಅದು ಹಾನಿಕರ ಎಂಬುದು ಈ ಲೇಖನದ ವಾದ. ಈ ವರ್ಷ ಹೊಡೆದ ಔಷಧಿಯ ಪರಿಣಾಮ ಈ ವರ್ಷಕ್ಕೇ ಮುಗಿಯುವುದಿಲ್ಲ. ಅದು ಮುಂದಿನ ವರ್ಷಗಳ ಕೀಟವನ್ನೂ ಅದರೊಂದಿಗೆ ಬದುಕುವ ಸೂಕ್ಷ್ಮಾಣುಜೀವಿಗಳನ್ನೂ ರೂಪಿಸುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ವಿಜ್ಞಾನಿಗಳು ಕಂಡುಕೊಂಡ ಸಂಗತಿಗಳು ಈ ವಿಷಯದಲ್ಲಿ ವ್ಯಾಪಾರಸ್ಥರೂ ಬೆಳೆಗಾರರೂ ಒಟ್ಟಾಗಿ ಯೋಚಿಸುವಂತೆ ಮಾಡಿವೆ.

ಕೀಟ ಒಂಟಿಯಲ್ಲ

ನಮ್ಮ ಬೆಳೆಗಾರರು ‘ಬೆರ್ರಿ ಬೋರರ್’ ಎಂದು ಕರೆಯುವ ಕಾಯಿಕೊರಕವು ಭಾರತದಲ್ಲಿ ಮೊದಲು ಕಂಡುಬಂದದ್ದು 1990ರಲ್ಲಿ, ನೀಲಗಿರಿ ಜಿಲ್ಲೆಯ ಗೂಡಲೂರಿನಲ್ಲಿ. ಅಲ್ಲಿಂದ ವಯನಾಡು, ಕೊಡಗುಗಳನ್ನು ವ್ಯಾಪಿಸಿ ನಮ್ಮ ಜಿಲ್ಲೆಗೂ ಬಂದಿತು. ಎರಡು ಮಿಲಿಮೀಟರಿಗಿಂತ ಚಿಕ್ಕದಾದ ಈ ಕಪ್ಪು ದುಂಬಿಯ ಹೆಣ್ಣು, ಕಾಯಿಯ ಹೊಕ್ಕುಳಿನ ಭಾಗದಲ್ಲಿ ರಂಧ್ರ ಕೊರೆದು ಒಳಹೊಕ್ಕು ಬೀಜದಲ್ಲೇ ಮೊಟ್ಟೆ ಇಡುತ್ತದೆ. ಮರಿಗಳು ಬೀಜವನ್ನೇ ತಿಂದು ಬೆಳೆಯುತ್ತವೆ. ಗಂಡುಗಳು ಸಂಖ್ಯೆಯಲ್ಲಿ ಬಹಳ ಕಡಿಮೆ, ಅವು ಹಾರಲಾರವು. ಒಡಹುಟ್ಟಿದ ಗಂಡು ಹೆಣ್ಣುಗಳ ಕೂಡುವಿಕೆ ಕಾಯಿಯ ಒಳಗೇ ನಡೆದು, ಗರ್ಭ ಧರಿಸಿದ ಹೆಣ್ಣುಗಳು ಮಾತ್ರ ಹೊರಬರುತ್ತವೆ.

ಕಾಫಿ ಬೀಜದಲ್ಲಿರುವ ಕೆಫೀನ್ ನಮಗೆ ಉಲ್ಲಾಸ ನೀಡುವ ದ್ರವ್ಯ. ಗಿಡದ ಪಾಲಿಗೆ ಅದು ಕೀಟಗಳಿಂದ ತನ್ನನ್ನು ರಕ್ಷಿಸಿಕೊಳ್ಳುವ ವಿಷ. ಬಹುಪಾಲು ಕೀಟಗಳು ಇದನ್ನು ಸಹಿಸಲಾರವು. ಹೀಗಿರುವಾಗ ಕಾಯಿಕೊರಕವು ತನ್ನ ಇಡೀ ಜೀವಿತವನ್ನು ಕಾಫಿ ಬೀಜದೊಳಗೆ ಹೇಗೆ ಕಳೆಯುತ್ತದೆ? ಈ ಪ್ರಶ್ನೆಗೆ 2015ರಲ್ಲಿ ಉತ್ತರ ದೊರೆಯಿತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಹವಿಯರ್ ಸೇಹಾ-ನವಾರೊ ಮತ್ತು ಅವರ ಸಹೋದ್ಯೋಗಿಗಳು ಭಾರತವೂ ಸೇರಿದಂತೆ ಹಲವು ಕಾಫಿ ಪ್ರದೇಶಗಳ ದುಂಬಿಗಳನ್ನು ಪರೀಕ್ಷಿಸಿದರು. ಕೆಫೀನನ್ನು ಕರಗಿಸುವ ಕೆಲಸವನ್ನು ದುಂಬಿಯ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಮಾಡುತ್ತವೆಂದೂ, ಅವುಗಳಲ್ಲಿ ಸ್ಯೂಡೋಮೊನಾಸ್ ಫಲ್ವಾ ಎಂಬುದು ಮುಖ್ಯವೆಂದೂ ಅವರು ತೋರಿಸಿದರು. ಆ್ಯಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲ್ಲವಾಗಿಸಿದಾಗ ಕೆಫೀನ್ ಕರಗದೆ ಹಿಕ್ಕೆಯಲ್ಲಿ ಹಾಗೆಯೇ ಹೊರಬಂದಿತು. ಮೊಟ್ಟೆ, ಮರಿಗಳ ಸಂಖ್ಯೆಯೂ ತೀವ್ರವಾಗಿ ಕುಸಿಯಿತು. ಆ ಬ್ಯಾಕ್ಟೀರಿಯಾವನ್ನು ಮರಳಿ ಕೊಟ್ಟಾಗ ಕೆಫೀನ್ ಕರಗಿಸುವ ಶಕ್ತಿಯೂ ಮರಳಿತು.

ಇದಕ್ಕೆ ಮುಂಚೆ, 2012ರಲ್ಲಿ, ಇನ್ನೊಂದು ಸಂಗತಿ ಪ್ರಕಟವಾಗಿತ್ತು. ಕಾಫಿ ಬೀಜದ ಗಟ್ಟಿ ಶರ್ಕರಪಿಷ್ಟವನ್ನು (ಕಾರ್ಬೋಹೈಡ್ರೇಟ್) ಒಡೆಯಲು ಬೇಕಾದ ಒಂದು ಜೀನ್ ಈ ದುಂಬಿಯ ವಂಶಕ್ಕೆ ಬಹಳ ಹಿಂದೆ ಬ್ಯಾಕ್ಟೀರಿಯಾದಿಂದ ಬಂದು ಸೇರಿಕೊಂಡಿದೆ. ಇದರ ಹತ್ತಿರದ ಸಂಬಂಧಿಯಾದ, ಕಾಫಿ ಬೀಜದ ಗೊಡವೆಗೆ ಬಾರದ ಇನ್ನೊಂದು ದುಂಬಿಯಲ್ಲಿ ಆ ಜೀನ್ ಕಾಣಲಿಲ್ಲ. ಅಂದರೆ, ಒಂದು ಸಾಮರ್ಥ್ಯವನ್ನು ಈ ಕೀಟ ಸೂಕ್ಷ್ಮಾಣುವಿನಿಂದ ಶಾಶ್ವತವಾಗಿ ಪಡೆದುಕೊಂಡಿದೆ. ಇನ್ನೊಂದಕ್ಕಾಗಿ ಇಂದಿಗೂ ಸೂಕ್ಷ್ಮಾಣುವನ್ನೇ ಅವಲಂಬಿಸಿದೆ.

ಮೂಡಿಗೆರೆ, ಕಳಸ ಕಡೆಯ ರೊಬಸ್ಟಾ ಬೆಳೆಗಾರರಿಗೆ ಚಿರಪರಿಚಿತವಾದ ಶಾಟ್ ಹೋಲ್ ಬೋರರ್‌ನ ವೃತ್ತಾಂತವೂ ಇಂಥದೇ. ಎಳೆಯ ರೆಂಬೆಯಲ್ಲಿ ಗುಂಡು ಹೊಡೆದಂತಹ ತೂತು ಮಾಡಿ ಒಳಹೋಗುವ ಈ ಕೀಟ ಮರವನ್ನು ತಿನ್ನುವುದಿಲ್ಲ. ತಾನು ಹೊತ್ತು ತಂದ ಶಿಲೀಂಧ್ರವನ್ನು ಆ ಸುರಂಗದಲ್ಲಿ ಬೆಳೆಸುತ್ತದೆ. ಮರಿಗಳ ಆಹಾರ ಆ ಶಿಲೀಂಧ್ರವೇ. ರೆಂಬೆ ಒಣಗುವುದು ಕೀಟ ಮತ್ತು ಶಿಲೀಂಧ್ರ ಇವೆರಡರ ಜಂಟಿ ಕಾರ್ಯದಿಂದ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ನಾವು ಎದುರಿಸುತ್ತಿರುವುದು ಏಕವ್ಯಕ್ತಿ ಒಡೆತನದ ಅಂಗಡಿಯನ್ನಲ್ಲ. ಕಣ್ಣಿಗೆ ಕಾಣದ ಪಾಲುದಾರರಿರುವ ಒಂದು ಪಾಲುದಾರಿಕೆ ಸಂಸ್ಥೆಯನ್ನು.

ವಿಷಕ್ಕೆ ಒಗ್ಗಿಕೊಳ್ಳುವ ಬಗೆ

ಒಂದೇ ವಿಷವನ್ನು ಮತ್ತೆ ಮತ್ತೆ ಬಳಸಿದಾಗ ಏನಾಗುತ್ತದೆ ಎಂಬುದಕ್ಕೆ ಕಾಫಿ ಲೋಕದಲ್ಲೇ ಉದಾಹರಣೆಯಿದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಕಾಯಿಕೊರಕದ ವಿರುದ್ಧ ಎಂಡೋಸಲ್ಫಾನನ್ನು ವರ್ಷಗಟ್ಟಲೆ ಸಿಂಪಡಿಸಲಾಯಿತು. 1980ರ ದಶಕದ ಅಂತ್ಯದ ವೇಳೆಗೆ ಅಲ್ಲಿನ ದುಂಬಿಗಳು ಆ ವಿಷಕ್ಕೆ ಬಗ್ಗದಷ್ಟು ನಿರೋಧ ಬೆಳೆಸಿಕೊಂಡಿದ್ದವು. ಒಡಹುಟ್ಟಿದವುಗಳಲ್ಲೇ ಕೂಡುವ ಈ ಕೀಟದ ಸ್ವಭಾವ ನಿರೋಧಗುಣವನ್ನು ಬೇಗನೆ ನೆಲೆಗೊಳಿಸುತ್ತದೆ. ಒಂದು ತಾಯಿದುಂಬಿಗೆ ಆ ಗುಣ ಬಂದಿತೆಂದರೆ, ಹೊರಗಿನ ಮಿಶ್ರಣವಿಲ್ಲದೆ ಕೆಲವೇ ಪೀಳಿಗೆಗಳಲ್ಲಿ ಇಡೀ ಸಂತತಿ ಅದನ್ನು ಹೊಂದುತ್ತದೆ.

ಅದಕ್ಕಿಂತಲೂ ಯೋಚನೆಗೆ ಹಚ್ಚುವುದು ಜಪಾನಿನ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಸಂಶೋಧನೆ. ಫೆನಿಟ್ರೋಥಿಯಾನ್ ಎಂಬ ಕೀಟನಾಶಕವನ್ನು ಪದೇ ಪದೇ ಹಾಕಿದ ಮಣ್ಣಿನಲ್ಲಿ, ಆ ವಿಷವನ್ನೇ ಆಹಾರವಾಗಿ ಬಳಸುವ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಹುರುಳಿ ಜಾತಿಯ ಬೆಳೆಗಳ ರಸ ಹೀರುವ ಒಂದು ತಿಗಣೆ ಆ ಬ್ಯಾಕ್ಟೀರಿಯಾವನ್ನು ಮಣ್ಣಿನಿಂದಲೇ ಪಡೆದು ಕರುಳಿನಲ್ಲಿ ಇಟ್ಟುಕೊಳ್ಳುತ್ತದೆ. ಒಡನೆಯೇ ಅದಕ್ಕೆ ವಿಷನಿರೋಧ ಬರುತ್ತದೆ. ಇಲ್ಲಿ ಕೀಟ ಪೀಳಿಗೆಗಳವರೆಗೆ ಕಾಯಬೇಕಾಗಿಲ್ಲ. ಸಿದ್ಧವಾದ ಪಾಲುದಾರನನ್ನು ಸೇರಿಸಿಕೊಂಡರೆ ಸಾಕು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ವಿಜ್ಞಾನಿಗಳೂ ಎಲೆಕೋಸನ್ನು ಕಾಡುವ ವಜ್ರಬೆನ್ನಿನ ಪತಂಗದ ಕರುಳಿನ ಬ್ಯಾಕ್ಟೀರಿಯಾಗಳು ಇಂಡಾಕ್ಸಕಾರ್ಬ್ ಎಂಬ ಕೀಟನಾಶಕವನ್ನು ಒಡೆಯುವುದರಲ್ಲಿ ಪಾತ್ರ ವಹಿಸಬಹುದೆಂದು 2016ರಲ್ಲಿ ವರದಿ ಮಾಡಿದ್ದಾರೆ. ಕಾಫಿಯಲ್ಲೂ ಹೀಗೆಯೇ ಆಗಿದೆಯೆಂದು ಇದರಿಂದ ಹೇಳಲಾಗದು. ಆದರೆ ಆಗಲಾರದೆಂದು ನಂಬಿ ಕುಳಿತುಕೊಳ್ಳುವುದು ವ್ಯವಹಾರ ಜಾಣ್ಮೆಯಲ್ಲ.

ಇನ್ನೊಂದು ಕಡೆಯಿಂದ, ನಮ್ಮ ಕೈಯಲ್ಲಿರುವ ರಾಸಾಯನಿಕಗಳ ಪಟ್ಟಿಯೇ ಕಿರಿದಾಗುತ್ತಿದೆ. ಒಂದು ಕಾಲದಲ್ಲಿ ಕಾಯಿಕೊರಕಕ್ಕೆ ಶಿಫಾರಸಾಗಿದ್ದ ಎಂಡೋಸಲ್ಫಾನ್, ಗೇರು ತೋಟಗಳ ವೈಮಾನಿಕ ಸಿಂಪಡಣೆಯಿಂದ ಕಾಸರಗೋಡು ಜಿಲ್ಲೆಯ ಗ್ರಾಮಗಳು ಅನುಭವಿಸಿದ ಯಾತನೆಯ ಬಳಿಕ, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ದೇಶಾದ್ಯಂತ ನಿಂತುಹೋಯಿತು. ಕಾಂಡಕೊರಕಕ್ಕೆ ಬಳಸುತ್ತಿದ್ದ ಲಿಂಡೇನ್ ಕೂಡ ನಿಷೇಧಕ್ಕೊಳಗಾಯಿತು. 2020ರಲ್ಲಿ ಯುರೋಪಿಯನ್ ಒಕ್ಕೂಟವು ಕ್ಲೋರ್‌ಪೈರಿಫಾಸ್‌ಗೆ ನೀಡಿದ್ದ ಅನುಮತಿಯನ್ನು ನವೀಕರಿಸದೆ, ಆಹಾರ ಪದಾರ್ಥಗಳಲ್ಲಿ ಅದರ ಉಳಿಕೆಯ ಮಿತಿಯನ್ನು ಅತಿ ಕನಿಷ್ಠ ಮಟ್ಟಕ್ಕೆ ಇಳಿಸಿತು. ಭಾರತದ ಕಾಫಿಯ ಬಹುಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ದೊಡ್ಡ ಗ್ರಾಹಕರು. ಹುಳು ಒಗ್ಗಿಕೊಂಡರೂ ಗ್ರಾಹಕ ಒಪ್ಪದಿದ್ದರೂ ಬೆಳೆಗಾರನಿಗೆ ಫಲ ಒಂದೇ: ಆ ಔಷಧಿ ಅವನ ಪಾಲಿಗೆ ಇಲ್ಲವಾಯಿತು.

ನಮ್ಮ ಪಕ್ಷದಲ್ಲಿರುವ ಸೂಕ್ಷ್ಮಾಣುಗಳು

ಕೀಟದ ಪಕ್ಷದಲ್ಲಿ ಸೂಕ್ಷ್ಮಾಣುಗಳಿರುವಂತೆ ನಮ್ಮ ಪಕ್ಷದಲ್ಲೂ ಇವೆ. ಬ್ಯೂವೇರಿಯಾ ಬ್ಯಾಸಿಯಾನಾ ಎಂಬ ಶಿಲೀಂಧ್ರದ ಬೀಜಕಣಗಳು ಕಾಯಿಕೊರಕದ ಮೈಗೆ ಅಂಟಿ, ಮೊಳೆತು, ಚರ್ಮವನ್ನು ಭೇದಿಸಿ ಒಳಗೆ ಬೆಳೆದು ಅದನ್ನು ಕೊಲ್ಲುತ್ತವೆ. ಸತ್ತ ಹುಳುವಿನ ಮೈಮೇಲೆ ಬಿಳಿ ಬೂಷ್ಟು ಕಾಣುತ್ತದೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯು 1990ರ ದಶಕದಿಂದ ಈ ಶಿಲೀಂಧ್ರವನ್ನೂ, ವಿದೇಶಗಳಿಂದ ತಂದ ಪರೋಪಜೀವಿ ಕಣಜಗಳನ್ನೂ ನಿಯಂತ್ರಣ ಕ್ರಮಗಳಲ್ಲಿ ಸೇರಿಸುತ್ತ ಬಂದಿದೆ. ಕಾಫಿಯ ಹಸಿರು ಶಲ್ಕಕೀಟದ ಮೇಲೆ ಮಳೆಗಾಲದಲ್ಲಿ ಬಿಳಿ ಉಂಗುರದಂತೆ ಬೆಳೆದು ಅದನ್ನು ಕೊಲ್ಲುವ ಲೆಕಾನಿಸಿಲಿಯಂ ಎಂಬ ಇನ್ನೊಂದು ಶಿಲೀಂಧ್ರವಂತೂ ಯಾವ ಬಿಲ್ಲನ್ನೂ ಕೊಡದೆ ಕೆಲಸ ಮಾಡಿಹೋಗುತ್ತದೆ. ಎಲೆತುಕ್ಕು ರೋಗದ ಶಿಲೀಂಧ್ರದ ಮೇಲೂ ಅದು ಬೆಳೆಯಬಲ್ಲದು.

ಆದರೆ ಜೀವಂತ ಸರಕಿಗೆ ಅದರದೇ ಷರತ್ತುಗಳಿವೆ. ಬ್ಯೂವೇರಿಯಾಕ್ಕೆ ತೇವ ಬೇಕು, ಬಿಸಿಲು ಆಗದು. ಹುಳು ಕಾಯಿಯ ಮೇಲೆ ಕೊರೆಯುತ್ತಿರುವಾಗ ಸಿಕ್ಕರೆ ಮಾತ್ರ ಪ್ರಯೋಜನ. ಬೀಜದೊಳಗೆ ಸೇರಿದ ಮೇಲೆ ಅದನ್ನು ತಲುಪುವುದು ಕಷ್ಟ. ಮುಖ್ಯವಾಗಿ, ಎಲೆತುಕ್ಕಿಗೆ ಮಳೆಗಾಲದ ಹಿಂದೆ ಮುಂದೆ ನಾವು ಹೊಡೆಯುವ ಬೋರ್ಡೋ ದ್ರಾವಣ ಶಿಲೀಂಧ್ರನಾಶಕವೆಂಬುದನ್ನು ಮರೆಯಬಾರದು. ರೋಗದ ಶಿಲೀಂಧ್ರ ಯಾವುದು, ಮಿತ್ರ ಶಿಲೀಂಧ್ರ ಯಾವುದು ಎಂದು ತಾಮ್ರಕ್ಕೆ ತಿಳಿಯದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಬಳಕೆಯನ್ನು ಮಲೆನಾಡಿಗೆ ಕಲಿಸಿದವರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದದ್ದೂ ಅವರ ಕಾಲದಲ್ಲೇ. ಶತಮಾನ ಕಳೆದರೂ ಆ ದ್ರಾವಣದ ಉಪಯುಕ್ತತೆ ಕುಂದಿಲ್ಲ. ಅದನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಎರಡು ಸಿಂಪಡಣೆಗಳ ನಡುವೆ ಅಂತರವಿರಬೇಕು, ಕ್ರಮವಿರಬೇಕು ಎಂಬುದಷ್ಟೇ ವಿಷಯ.

ಜೈವಿಕ ಕ್ರಮವೆಂದೊಡನೆ ಅದು ಶಾಶ್ವತವೆಂದು ಭಾವಿಸುವುದೂ ಸರಿಯಲ್ಲ. ಹತ್ತಿಯ ಅನುಭವ ನಮ್ಮ ರಾಜ್ಯಕ್ಕೆ ಹೊಸದಲ್ಲ. ಮಣ್ಣಿನ ಬ್ಯಾಕ್ಟೀರಿಯಾವೊಂದರ ವಿಷವನ್ನು ಗಿಡಕ್ಕೇ ಸೇರಿಸಿದ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ದೊರೆಯಿತು. ದಶಕ ಕಳೆಯುವುದರೊಳಗೆ ಗುಲಾಬಿ ಕಾಯಿಕೊರಕವು ಮೊದಲ ಪೀಳಿಗೆಯ ಬಿಟಿ ವಿಷವನ್ನು ಮೀರಿತ್ತು. ಮುಂದೆ ಎರಡನೆಯ ಪೀಳಿಗೆಯದ್ದನ್ನೂ ಮೀರಿತು. ರಾಸಾಯನಿಕವಿರಲಿ, ಜೈವಿಕವಿರಲಿ, ಒಂದೇ ಅಸ್ತ್ರವನ್ನು ಏಕಪ್ರಕಾರವಾಗಿ ಬಳಸಿದರೆ ಅದು ಮೊಂಡಾಗುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದ

ಈಗ ಮೂಲ ಪ್ರಶ್ನೆಗೆ ಬರೋಣ. ಕೀಟವು ಒಂದು ಔಷಧಿಗೆ ಬಗ್ಗುವ ಗುಣವನ್ನು ಉಳಿಸಿಕೊಂಡಿರುವುದೇ ತೋಟಕ್ಕೆ ಒಂದು ಆಸ್ತಿ. ಅನಗತ್ಯವಾದ ಪ್ರತಿಯೊಂದು ಸಿಂಪಡಣೆ ಆ ಆಸ್ತಿಯ ಸವಕಳಿ. ಯಂತ್ರಕ್ಕೆ, ಕಣದ ಸಿಮೆಂಟಿಗೆ, ಜೀಪಿಗೆ ನಾವು ಸವಕಳಿ ಲೆಕ್ಕ ಹಾಕುತ್ತೇವೆ. ಇದಕ್ಕೆ ಹಾಕುವುದಿಲ್ಲ. ಏಕೆಂದರೆ ಇದು ಯಾವ ಆಸ್ತಿ-ಹೊಣೆ ಪಟ್ಟಿಯಲ್ಲೂ ಕಾಣುವುದಿಲ್ಲ. ಇನ್ನೊಂದು ತೊಡಕೆಂದರೆ ಈ ಆಸ್ತಿ ಒಬ್ಬರಿಗೆ ಸೇರಿದ್ದಲ್ಲ. ಪಕ್ಕದ ತೋಟದವರು ಅದನ್ನು ಹಾಳುಮಾಡಿದರೆ ನಮ್ಮ ಪಾಲೂ ಹೋಗುತ್ತದೆ. ಊರ ಕೆರೆಯಂತೆ ಅದು ಎಲ್ಲರದು. ಹೂಳೆತ್ತಲು ಯಾರೊಬ್ಬರೂ ಮುಂದಾಗುವುದಿಲ್ಲ.

ಇದೇ ಕಾರಣದಿಂದ ಹಕ್ಕಲು ಆಯುವ ಹಳೆಯ ಕ್ರಮಕ್ಕೆ ಹೊಸ ಮಹತ್ವ ಬಂದಿದೆ. ಕೊಯ್ಲಿನ ನಂತರ ಗಿಡದಲ್ಲಿ ಉಳಿದ ಹಾಗೂ ನೆಲಕ್ಕೆ ಉದುರಿದ ಕಾಯಿಗಳಲ್ಲೇ ಕಾಯಿಕೊರಕ ಬೇಸಿಗೆಯನ್ನು ಕಳೆಯುತ್ತದೆ. ಮಳೆ ಬಿದ್ದು ತೇವ ಏರಿದಾಗ ಹೊರಬಂದು ಹೊಸ ಕಾಯಿಗೆ ಮುತ್ತುತ್ತದೆ. ಆ ಕಾಯಿಗಳನ್ನು ಆಯ್ದು ಕುದಿಯುವ ನೀರಿನಲ್ಲಿ ಅದ್ದಿ ನಾಶಮಾಡಿದರೆ ಹುಳುವೂ ಹೋಗುತ್ತದೆ, ಅದರ ಕರುಳಿನ ಪಾಲುದಾರರೂ ಹೋಗುತ್ತಾರೆ. ಈ ಕ್ರಮಕ್ಕೆ ನಿರೋಧ ಬೆಳೆಸಿಕೊಂಡ ಕೀಟವಿಲ್ಲ. ಶಾಟ್ ಹೋಲ್ ಬೋರರ್ ಹೊಕ್ಕ ರೆಂಬೆಯನ್ನು ರಂಧ್ರಕ್ಕಿಂತ ಕೆಳಗೆ ಕತ್ತರಿಸಿ ಸುಡುವುದು, ಬಿಳಿ ಕಾಂಡಕೊರಕ ತಗುಲಿದ ಅರೇಬಿಕಾ ಗಿಡಗಳನ್ನು ಹುಳು ಹೊರಬೀಳುವ ಕಾಲಕ್ಕೆ ಮುಂಚೆಯೇ ಗುರುತಿಸಿ ಕಿತ್ತು ಸುಡುವುದು, ನೆರಳನ್ನು ಕಾಪಾಡುವುದು ಇವೂ ಇದೇ ವರ್ಗಕ್ಕೆ ಸೇರುತ್ತವೆ.

ಇದಕ್ಕೆ ಬರುವ ಆಕ್ಷೇಪಣೆ ನ್ಯಾಯವಾದದ್ದೇ. ಆಳುಗಳು ಸಿಗುವುದಿಲ್ಲ, ಸಿಕ್ಕರೂ ಆಯ್ದ ಕಾಯಿಯ ಬೆಲೆಗಿಂತ ಆಯುವ ಕೂಲಿ ಹೆಚ್ಚಾಗುತ್ತದೆ. ಹಕ್ಕಲನ್ನು ಅದರಿಂದ ಬರುವ ಕಾಯಿಯ ಬೆಲೆಯೊಂದಿಗೇ ಹೋಲಿಸಿದರೆ ಅದು ನಷ್ಟದ ಬಾಬತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹೋಲಿಸಬೇಕಾದದ್ದು ಮುಂದಿನ ವರ್ಷದ ಸಿಂಪಡಣೆಯ ವೆಚ್ಚ, ಕೊರೆದ ಬೀಜಗಳಿಂದಾಗಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಳೆದುಕೊಳ್ಳುವ ತೂಕ ಮತ್ತು ದರ್ಜೆ ಇವುಗಳೊಂದಿಗೆ. ಕೊಯ್ಲಿನ ವೇಳೆ ಗಿಡದ ಬುಡದಲ್ಲಿ ಚಾಪೆ ಅಥವಾ ಟಾರ್ಪಾಲು ಹಾಸಿದರೆ ಉದುರುವ ಕಾಯಿಯೇ ಕಡಿಮೆಯಾಗಿ ಆಯುವ ಕೂಲಿ ಉಳಿಯುತ್ತದೆ. ಸಣ್ಣ ಹಿಡುವಳಿದಾರನಿಗೆ ಇಷ್ಟೂ ಭಾರವಾಗಬಹುದು. ಆ ಕಾರಣಕ್ಕಾಗಿಯೇ ಸಾಮೂಹಿಕ ಪ್ರಯತ್ನ ಅಗತ್ಯ.

ತೆರಿಗೆಯ ವಿಚಾರವಾಗಿ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರ ಪರಿಷ್ಕರಣೆಯಲ್ಲಿ ಬ್ಯೂವೇರಿಯಾ, ಟ್ರೈಕೋಡರ್ಮಾ, ಬೇವು ಆಧಾರಿತ ಉತ್ಪನ್ನಗಳು ಸೇರಿದಂತೆ 12 ಜೈವಿಕ ಕೀಟನಾಶಕಗಳ ಮೇಲಿನ ತೆರಿಗೆಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಲಾಯಿತು. ರಾಸಾಯನಿಕ ಕೀಟನಾಶಕಗಳ ಮೇಲಿನ ಶೇಕಡಾ 18ರ ದರದಲ್ಲಿ ಬದಲಾವಣೆಯಾಗಲಿಲ್ಲ. ತನ್ನ ತೋಟದ ಉತ್ಪನ್ನವನ್ನಷ್ಟೇ ಮಾರುವ ಕೃಷಿಕ ಜಿಎಸ್‌ಟಿ ನೋಂದಣಿ ಪಡೆಯಬೇಕಾಗಿಲ್ಲ. ಹಾಗಾಗಿ ಆತ ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಹಿಂದಕ್ಕೆ ಪಡೆಯಲಾರ. ಅದು ನೇರವಾಗಿ ವೆಚ್ಚವೇ. ಸಾವಿರ ರೂಪಾಯಿಯ ಮಾಲಿಗೆ ಒಂದು ಕಡೆ 180 ರೂಪಾಯಿ, ಇನ್ನೊಂದು ಕಡೆ 50 ರೂಪಾಯಿ. ಈ ವ್ಯತ್ಯಾಸದ ಲಾಭ ಬಿಲ್ಲಿನಲ್ಲಿ ತನಗೆ ದೊರೆತಿದೆಯೇ ಎಂದು ಪ್ರತಿಯೊಬ್ಬ ಬೆಳೆಗಾರನೂ ಪರಿಶೀಲಿಸುವುದು ಒಳ್ಳೆಯದು.

ವಾಣಿಜ್ಯ ಸಂಸ್ಥೆ ಮಾಡಬಹುದಾದದ್ದು

ಕೀಟ ನಿಯಂತ್ರಣ ಬೆಳೆಗಾರರ ಕೆಲಸ, ವರ್ತಕರಿಗೆ ಇದರಲ್ಲಿ ಏನಿದೆ ಎಂದು ನಮ್ಮ ಸದಸ್ಯರಲ್ಲಿ ಕೆಲವರಾದರೂ ಕೇಳಬಹುದು. ಕಾಯಿಕೊರಕ ತಾನಾಗಿ ಬಹುದೂರ ಹಾರುವ ಕೀಟವಲ್ಲ. ಅದನ್ನು ತಾಲ್ಲೂಕಿನಿಂದ ತಾಲ್ಲೂಕಿಗೆ ಒಯ್ಯುವುದು ಗೋಣಿಚೀಲ, ಲಾರಿ ಮತ್ತು ಸರಿಯಾಗಿ ಒಣಗದ ಕಾಫಿ. ಅಂದರೆ ವ್ಯಾಪಾರದ ಹಾದಿಯೇ ಅದರ ಹಾದಿ. ಆದ್ದರಿಂದ ಸಂಸ್ಥೆಯ ಪರಿಶೀಲನೆಗಾಗಿ ಈ ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಗೋಣಿಚೀಲ ಮತ್ತು ತೇವಾಂಶದ ಬಗ್ಗೆ ಖರೀದಿದಾರರೂ ಕ್ಯೂರಿಂಗ್ ವರ್ಕ್ಸ್‌ನವರೂ ಸ್ವಯಂಪ್ರೇರಿತವಾದ ಒಂದು ಸಂಹಿತೆಯನ್ನು ಒಪ್ಪಿಕೊಳ್ಳಬೇಕು. ಪಾರ್ಚ್‌ಮೆಂಟ್ ಕಾಫಿ ಶೇಕಡಾ 10, ಅರೇಬಿಕಾ ಚೆರಿ 10.5, ರೊಬಸ್ಟಾ ಚೆರಿ 11ರ ತೇವಾಂಶಕ್ಕೆ ಒಣಗಿದ್ದರೆ ದಾಸ್ತಾನಿನಲ್ಲಿ ಹುಳು ವೃದ್ಧಿಯಾಗುವುದಿಲ್ಲವೆಂಬುದು ಸಂಶೋಧನಾ ಸಂಸ್ಥೆಯ ಶಿಫಾರಸು. ಈ ಮಟ್ಟವನ್ನು ಮುಟ್ಟಿದ ಮಾಲಿಗೆ ಅದಕ್ಕೆ ತಕ್ಕ ದರ ನೀಡುವುದು ವರ್ತಕರ ಕರ್ತವ್ಯ. ಖಾಲಿ ಚೀಲಗಳನ್ನು ಶುದ್ಧಿಗೊಳಿಸದೆ ಒಂದು ತೋಟದಿಂದ ಇನ್ನೊಂದಕ್ಕೆ ಕಳುಹಿಸಬಾರದು.

ಎರಡನೆಯದಾಗಿ, ಜೈವಿಕ ಉತ್ಪನ್ನಗಳ ಗುಣಮಟ್ಟ. ಪೊಟ್ಟಣದಲ್ಲಿರುವ ಬೀಜಕಣಗಳು ಜೀವಂತವಾಗಿಲ್ಲದಿದ್ದರೆ ಬೆಳೆಗಾರ ಕೊಂಡದ್ದು ಬರೀ ಪುಡಿ. ಇಂಥ ಅನುಭವ ಒಮ್ಮೆ ಆದವನು ಮತ್ತೆ ರಾಸಾಯನಿಕಕ್ಕೇ ಮರಳುತ್ತಾನೆ. ನೋಂದಣಿ ಸಂಖ್ಯೆ, ತಯಾರಿಕೆಯ ದಿನಾಂಕ, ಬಾಳಿಕೆಯ ಅವಧಿ ಇವುಗಳನ್ನು ನೋಡಿಯೇ ದಾಸ್ತಾನು ಮಾಡುವುದು, ತಂಪಾದ ಜಾಗದಲ್ಲಿ ಇಡುವುದು, ಪ್ರತಿ ತಂಡದ ಮಾದರಿಯನ್ನು ಪರೀಕ್ಷೆಗೆ ಕಳುಹಿಸುವುದು ಇವು ನಮ್ಮ ಸದಸ್ಯರಾದ ಮಾರಾಟಗಾರರ ಕೈಯಲ್ಲೇ ಇವೆ. ಪರೀಕ್ಷಾ ಶುಲ್ಕವನ್ನು ಸಂಸ್ಥೆ ಭಾಗಶಃ ಭರಿಸಬಹುದು.

ಮೂರನೆಯದಾಗಿ, ಹೋಬಳಿವಾರು ಸಾಮೂಹಿಕ ವೇಳಾಪಟ್ಟಿ. ಹಕ್ಕಲು, ಬಲೆಗಳ ಅಳವಡಿಕೆ, ಬೋರ್ಡೋ ಮತ್ತು ಬ್ಯೂವೇರಿಯಾ ಸಿಂಪಡಣೆಗಳ ನಡುವಣ ಅಂತರ ಇವನ್ನು ಕಾಫಿ ಮಂಡಳಿಯ ವಿಸ್ತರಣಾ ಅಧಿಕಾರಿಗಳು ಹಾಗೂ ಬೆಳೆಗಾರರ ಸಂಘಗಳೊಂದಿಗೆ ಕುಳಿತು ನಿಗದಿಪಡಿಸಿ, ಈ ಪತ್ರಿಕೆಯಲ್ಲಿ ಪ್ರತಿ ತಿಂಗಳು ಪ್ರಕಟಿಸಬಹುದು. ಅಕ್ಕಪಕ್ಕದ ತೋಟಗಳು ಒಂದೇ ವಾರದಲ್ಲಿ ಮಾಡಿದ ಕೆಲಸಕ್ಕೂ, ಒಬ್ಬೊಬ್ಬರು ಒಂದೊಂದು ತಿಂಗಳಲ್ಲಿ ಮಾಡಿದ ಕೆಲಸಕ್ಕೂ ಫಲದಲ್ಲಿ ಬಹಳ ಅಂತರವಿದೆ.

ನಾಲ್ಕನೆಯದು ಬೆಳೆಗಾರರಿಗೂ ಅವರ ಲೆಕ್ಕಿಗರಿಗೂ. ‘ಔಷಧಿ ಮತ್ತು ಸಿಂಪಡಣೆ’ಯ ಶೀರ್ಷಿಕೆಯನ್ನು ಎರಡಾಗಿ ವಿಭಾಗಿಸಿ: ರಾಸಾಯನಿಕಗಳಿಗೆ ಒಂದು, ಹಕ್ಕಲು, ರೆಂಬೆ ಕತ್ತರಿಸುವಿಕೆ, ನೆರಳು, ಬಲೆ, ಜೈವಿಕ ಕ್ರಮಗಳಿಗೆ ಇನ್ನೊಂದು. ಯಾವ ತಾಕಿನಲ್ಲಿ ಯಾವ ಔಷಧಿಯನ್ನು ಎಂದು, ಎಷ್ಟು ಹೊಡೆಯಲಾಯಿತು, ಕೊಯ್ಲಿನಲ್ಲಿ ಕೊರೆದ ಕಾಯಿ ಶೇಕಡಾ ಎಷ್ಟಿತ್ತು ಎಂಬುದನ್ನೂ ಜೊತೆಗೆ ಬರೆದಿಡಿ. ಐದು ವರ್ಷಗಳ ಇಂಥ ದಾಖಲೆ ಕೈಯಲ್ಲಿದ್ದರೆ ಯಾವ ವೆಚ್ಚ ಫಲ ನೀಡಿತು, ಯಾವುದು ನೀಡಲಿಲ್ಲ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಿದೇಶದ ಖರೀದಿದಾರ ಉಳಿಕೆಯ ಬಗ್ಗೆ ಪ್ರಶ್ನೆ ಎತ್ತಿದಾಗಲೂ ಅದೇ ಪುಸ್ತಕ ನೆರವಿಗೆ ಬರುತ್ತದೆ.

2024 ಮತ್ತು 2025ರಲ್ಲಿ ಕಾಫಿಯ ಬೆಲೆ ದಾಖಲೆಯ ಮಟ್ಟವನ್ನು ಮುಟ್ಟಿದ್ದನ್ನು ನಾವೆಲ್ಲರೂ ಕಂಡೆವು. ಬೆಲೆ ಏರಿದಾಗ ಬಂದ ಹಣದಲ್ಲಿ ಅಲ್ಪಭಾಗವನ್ನಾದರೂ ಈ ಕಾರ್ಯಗಳಿಗೆ ತೆಗೆದಿಡದಿದ್ದರೆ, ಬೆಲೆ ಇಳಿದ ವರ್ಷ ಅದಕ್ಕೆ ಹಣವೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ. ಕೀಟವಾದರೋ ಬೆಲೆಯ ಏರಿಳಿತವನ್ನು ನೋಡಿ ಕಾಯುವುದಿಲ್ಲ. ಮುಂದಿನ ಕೊಯ್ಲಿಗೆ ಮುನ್ನ, ಮೇಲಿನ ನಾಲ್ಕರಲ್ಲಿ ಗೋಣಿಚೀಲ ಮತ್ತು ತೇವಾಂಶದ ಸಂಹಿತೆಯನ್ನಾದರೂ ನಮ್ಮ ಸಂಸ್ಥೆಯ ಕಾರ್ಯಕಾರಿ ಸಮಿತಿ ಕೈಗೆತ್ತಿಕೊಳ್ಳಲಿ ಎಂದು ವಿನಂತಿಸುತ್ತೇನೆ. ಅದಕ್ಕೆ ಸರ್ಕಾರದ ಅನುದಾನವಾಗಲಿ ಹೊಸ ಕಾಯ್ದೆಯಾಗಲಿ ಬೇಕಾಗಿಲ್ಲ. ಸದಸ್ಯರ ಒಪ್ಪಿಗೆಯೊಂದಿದ್ದರೆ ಸಾಕು.